ನಾಲ್ಕನೇ ಬೆಂಚಿನ ಚೀಟಿಗಳು

ಜನವರಿ 11

ಮಾನ್ಯರೇ,

ನಮ್ಮಿಬ್ಬರಿಗೆ ಪರಿಚಯವಿಲ್ಲ. ನಾನು ಲಿಫ್ಟ್ ಇನ್‌ಸ್ಪೆಕ್ಟರ್. ಹಳೆಯ ಆಫೀಸು ಕಟ್ಟಡಗಳ ಲಿಫ್ಟುಗಳು ಇನ್ನೂ ಜನರನ್ನು ಹೊರುವ ಸ್ಥಿತಿಯಲ್ಲಿವೆಯೇ ಎಂದು ನೋಡಿ ಸಹಿ ಹಾಕುವುದು ಹೊಟ್ಟೆಪಾಡು. ಅದೇ ಕಟ್ಟಡಗಳ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುವ ಪ್ರಿಂಟಿಂಗ್ ಕ್ಯಾಲ್ಕುಲೇಟರುಗಳನ್ನು ಮನೆಗೆ ಹೊತ್ತು ತರುವುದು ಹುಚ್ಚು. ಮೇಜಿನ ಮೇಲೆ ಗಟ್ಟಿಯಾಗಿ ಕೂತು, ಗುಂಡಿ ಒತ್ತಿದ್ದನ್ನೆಲ್ಲ ಕಾಗದದ ಸುರುಳಿಯ ಮೇಲೆ ಕಟಕಟ ಅಚ್ಚು ಹಾಕುವ ಆ ಯಂತ್ರಗಳು ಸದ್ಯ ನನ್ನಲ್ಲಿ ಅರವತ್ತಮೂರು ಇವೆ. ಹೆಂಡತಿ ಮಲಗುವ ಕೋಣೆಯ ಹೊಸ್ತಿಲಿಗೆ ಕೆಂಪು ಟೇಪು ಅಂಟಿಸಿ ಗಡಿ ಹಾಕಿದ್ದಾಳೆ.

ನಿಮ್ಮ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಅಲ್ಲಿ ತಯಾರಾದ ಹನ್ನೆರಡು ಅಂಕಿಯ ಯಂತ್ರಕ್ಕೆ ನಮ್ಮ ಸಂಗ್ರಾಹಕರ ಬಳಗದಲ್ಲಿ ಇಂದಿಗೂ ಬೇಡಿಕೆಯಿದೆ. ಮುಖದ ಮೇಲೆ ಎರಡು ದುಂಡನೆಯ ತಿರುಗುಗುಂಡಿ ಇರುವುದರಿಂದ ಅದನ್ನು ‘ಗೂಬೆ’ ಎನ್ನುತ್ತೇವೆ. ಹನ್ನೊಂದು ವರ್ಷದಿಂದ ನಾನು ಗೂಬೆಯ ಬೆನ್ನು ಹತ್ತಿದ್ದೇನೆ. ಇನ್ನೂರ ಹನ್ನೆರಡು ಯಂತ್ರಗಳ ನಂಬರು, ತಾರೀಕು, ಬೆಂಚು ಎಲ್ಲ ಬರೆದಿಟ್ಟಿದ್ದೇನೆ. ಗೂಬೆಯ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದು ಬಳಗದವರು ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಐದು ಗೂಬೆಗಳಲ್ಲಿ, ಸುರುಳಿ ಕೂರುವ ಗುಳಿಯ ತಳದಲ್ಲಿ, ನಾಲ್ಕಾಗಿ ಮಡಿಸಿದ ಒಂದೊಂದು ಚೀಟಿ ಸಿಕ್ಕಿದೆ. ಒಂದೊಂದರಲ್ಲೂ ಒಂದೇ ಸಂಖ್ಯೆ. ತಪಾಸಣೆಯ ಮುದ್ರೆಯಲ್ಲಿರುವ ತಾರೀಕಿನ ಪ್ರಕಾರ, ನಲವತ್ತು ವರ್ಷದ ಹಿಂದೆ, ಫೆಬ್ರವರಿ 3ರಂದು 11.80. ಫೆಬ್ರವರಿ 6ಕ್ಕೆ 11.40. ಫೆಬ್ರವರಿ 20ಕ್ಕೆ 13.05. ಮಾರ್ಚ್ 12ಕ್ಕೆ 16.20. ಏಪ್ರಿಲ್ 2ಕ್ಕೆ 20.45. ಐದೂ ಆಯಾ ದಿನದ ಮೊದಲ ಯಂತ್ರಗಳು. ಐದಕ್ಕೂ ‘ಬೆಂಚು 4’ ಮುದ್ರೆ. ಆ ಬೆಂಚಿನಲ್ಲಿ ಪರೀಕ್ಷಕರಾಗಿದ್ದವರು ನೀವು ಎಂದು ಪಿಂಚಣಿದಾರರ ಸಂಘದವರು ಹೇಳಿ ವಿಳಾಸ ಕೊಟ್ಟರು.

ನನ್ನ ಲೆಕ್ಕಾಚಾರ ಇಷ್ಟು. ಇವು ಪರೀಕ್ಷಾ ಕೋಣೆಯ ಉಷ್ಣತೆ. ಚಳಿ ಇಳಿದು ಬೇಸಿಗೆ ಬಂದ ಹಾಗೆ ಸಂಖ್ಯೆ ಏರಿದೆ, ನೋಡಿ. ಚಳಿ ದೇಶಗಳಿಗೆಂದು ಬೇರೆಯಾಗಿ ಪರೀಕ್ಷಿಸಿದ ಒಂದು ಗುಟ್ಟಿನ ಸರಣಿ ಇತ್ತು, ಅದರ ಹೊಣೆ ನಿಮ್ಮದಾಗಿತ್ತು. ಹೌದೋ ಅಲ್ಲವೋ? ಇನ್ನೊಂದು ಸಣ್ಣ ಪ್ರಶ್ನೆ. ಫೆಬ್ರವರಿ 9ರಂದು ನಿಮ್ಮ ಪಾಲಿಗೆ ಬರಬೇಕಿದ್ದ ಮೊದಲ ಯಂತ್ರವೂ ನನ್ನಲ್ಲಿದೆ. ಅದರ ಮೇಲೆ ಆರನೇ ಬೆಂಚಿನ ಮುದ್ರೆಯಿದೆ, ಚೀಟಿಯಿಲ್ಲ. ಯಾಕೆ?

ಬೇಗ ಬರೆಯಿರಿ. ಕಾಯುವುದು ನನ್ನ ಜಾಯಮಾನದಲ್ಲಿಲ್ಲ.

ಲಿಫ್ಟ್ ಇನ್‌ಸ್ಪೆಕ್ಟರ್

*

ಜನವರಿ 29

ಇನ್‌ಸ್ಪೆಕ್ಟರೇ,

ಕಾಗದ ತಲುಪಿತು. ಎರಡು ಸಲ ಓದಿದೆ. ಎರಡನೇ ಸಲ ನಿಂತುಕೊಂಡು ಓದಿದೆ.

ಫೋನ್ ನಂಬರನ್ನು ನೀವು ಕೇಳಿಲ್ಲ, ಇನ್ನು ಮುಂದೆಯೂ ಕೇಳಬೇಡಿ. ಎಪ್ಪತ್ತು ಯಂತ್ರಗಳ ಕಟಕಟ ನನ್ನ ಕಿವಿಯನ್ನು ಕಟ್ಟಿಕೊಂಡು ಹೋಗಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ.

ಪರೀಕ್ಷಾ ಕೋಣೆಯಲ್ಲಿ ಚಳಿ ಎಂದಿರಿ. ಓದಿ ನಗು ಬಂತು. ಎಪ್ಪತ್ತು ಯಂತ್ರ ಒಟ್ಟಿಗೆ ಓಡುವ ಕೋಣೆಯದು, ಜನವರಿಯಲ್ಲೂ ಬನಿಯನ್ ಹಿಂಡಿದರೆ ನೀರು ಇಳಿಯುತ್ತಿತ್ತು. ಸಂಖ್ಯೆ ಏನು ಎಂದು ಕೇಳಿದ್ದೀರಿ. ಪರೀಕ್ಷೆಯ ಸಂಖ್ಯೆ ಎಂದುಕೊಳ್ಳಿ. ಒಂಬತ್ತನೇ ತಾರೀಕು ನನಗೆ ರಜೆ.

ಆ ಐದು ಚೀಟಿಗಳನ್ನು ನನಗೆ ಕಳಿಸಿಕೊಡಲು ಆಗುತ್ತದೆಯೇ? ಏಪ್ರಿಲ್ 2ರದ್ದು ಮುಟ್ಟಿದರೆ ನುಣುಪಾಗಿದೆಯೇ ಎಂದು ನೋಡಿ. ಮಾರ್ಚ್ ಕೊನೆಯ ಹೊತ್ತಿಗೆ ಶಾಯಿ ರಿಬ್ಬನ್ ಸಿಗದೆ, ಬಿಸಿಯಿಂದ ಅಚ್ಚು ಹಾಕುವ ತಲೆಯನ್ನು ನಮ್ಮ ಬೆಂಚಿನಲ್ಲಿ ಪ್ರಯೋಗಕ್ಕೆ ಕೂರಿಸಿದ್ದರು, ಪ್ಯಾಕ್ ಮಾಡುವ ಮೊದಲು ಕಳಚಿ ಮಾಮೂಲಿನದನ್ನು ಹಾಕುತ್ತಿದ್ದರು. ಆ ಕಾಗದವಾದರೆ ಶಾಖದ ಹತ್ತಿರ ಒಯ್ಯಬೇಡಿ.

ಬೆಂಚು 4

*

ಫೆಬ್ರವರಿ 4

ಬೆಂಚು ನಾಲ್ಕರವರೇ,

ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹನ್ನೊಂದನೇ ಮಹಡಿಯ ಮೋಟಾರು ಕೋಣೆಗೆ ಹೋಗಿದ್ದೆ. ಅಲ್ಲೇ ಗ್ರೀಸಿನ ಡಬ್ಬಿಯ ಮೇಲೆ ಕೂತು ಓದಿದೆ. ಖುಷಿಯಾಯಿತು, ಜೊತೆಗೆ ಸ್ವಲ್ಪ ಸಿಟ್ಟೂ ಬಂತು.

ಮೊದಲನೆಯದು, ಗೂಬೆಗೆ ಶಾಖದ ತಲೆ ಯಾವತ್ತೂ ಇರಲಿಲ್ಲ. ಇನ್ನೂರ ಹನ್ನೆರಡು ಯಂತ್ರ ನೋಡಿದವನು ಹೇಳುತ್ತಿದ್ದೇನೆ, ಎಲ್ಲದರಲ್ಲೂ ಶಾಯಿ ರಿಬ್ಬನ್ನೇ. ಕಪ್ಪು ಮೇಲೆ, ಕೆಂಪು ಕೆಳಗೆ. ನಲವತ್ತು ವರ್ಷದ ಹಿಂದಿನ ಮಾತು, ನೆನಪು ಕಲಸಿಕೊಳ್ಳುವುದು ಸಹಜ. ಎರಡನೆಯದು, ಕಾರ್ಖಾನೆಯ ರಜಾಪಟ್ಟಿ ನನ್ನಲ್ಲಿದೆ. ಒಂಬತ್ತನೇ ತಾರೀಕು ರಜೆಯಲ್ಲ. ಮೂರನೆಯದು, ಮೂಲ ದಾಖಲೆ ಮನೆಯ ಹೊಸ್ತಿಲು ದಾಟುವುದಿಲ್ಲ ಎಂಬುದು ನನ್ನ ನಿಯಮ. ಫೋಟೋ ಕಳಿಸುತ್ತೇನೆ.

ನೀವು ಏನೋ ಬಚ್ಚಿಡುತ್ತಿದ್ದೀರಿ. ಗುಟ್ಟಿನ ಸರಣಿ ಇತ್ತು, ಬಾಯಿ ಬಿಡಬೇಡಿ ಎಂದು ಅಂದು ಹೇಳಿದ್ದರು, ಇಂದಿಗೂ ನೀವು ಆ ಮಾತಿಗೆ ಕಟ್ಟುಬಿದ್ದಿದ್ದೀರಿ. ಹಾಗೆ ತಾನೆ? ಈಗ ಯಾರಿಗೆ ಹೆದರಬೇಕು ಹೇಳಿ!

ಇನ್‌ಸ್ಪೆಕ್ಟರ್

*

ಫೆಬ್ರವರಿ 19

ಬೆಂಚು ನಾಲ್ಕರವರೇ,

ಹದಿನೈದು ದಿನವಾಯಿತು, ನಿಮ್ಮಿಂದ ಸದ್ದಿಲ್ಲ. ಬಾಗಿಲ ಕೆಳಗಿನಿಂದ ಕಾಗದ ಜಾರಿ ಬರುವ ಹೊತ್ತಿಗೆ ನಾನು ಅಲ್ಲೇ ಸುಳಿದಾಡುತ್ತಿರುತ್ತೇನೆ. ಹೆಂಡತಿ ಹೇಳುತ್ತಾಳೆ, "ಮದುವೆಗೆ ಮುಂಚೆ ನನ್ನ ಕಾಗದಕ್ಕೂ ಹಿಂಗೆ ಕಾದಿರ್ಲಿಲ್ಲ ನೀವು."

ತಡೆಯಲಾಗಲಿಲ್ಲ. ‘ಗೂಬೆಯ ಚಳಿ ಸರಣಿ’ ಎಂಬ ಲೇಖನ ಬರೆದು ಬಳಗದ ಪತ್ರಿಕೆಗೆ ಕಳಿಸಿಬಿಟ್ಟೆ. ಮುಂದಿನ ತಿಂಗಳು ಅಚ್ಚಾಗುತ್ತದೆ. ನಿಮ್ಮ ಹೆಸರು ಹಾಕಿಲ್ಲ, ‘ನಂಬಲರ್ಹ ಮೂಲ’ ಎಂದಷ್ಟೇ ಬರೆದಿದ್ದೇನೆ.

ಇನ್‌ಸ್ಪೆಕ್ಟರ್

*

ಮಾರ್ಚ್ 8

ಇನ್‌ಸ್ಪೆಕ್ಟರೇ,

ನಾನು ಏನನ್ನೂ ಹೇಳದೆ ನಂಬಲರ್ಹ ಮೂಲವಾದೆ. ಇಷ್ಟು ಸುಲಭ ಎಂದು ಗೊತ್ತಿದ್ದರೆ ಜೀವನದಲ್ಲಿ ಮಾತೇ ಆಡುತ್ತಿರಲಿಲ್ಲ.

ನಿಮ್ಮ ಲೇಖನವನ್ನು ತಡೆಯಿರಿ. ಅದು ಉಷ್ಣತೆಯಲ್ಲ, ತೂಕ. ನನ್ನ ಮಗಳ ತೂಕ.

ಗೂಬೆಯ ಎಡಗಣ್ಣನ್ನು ಕೂಡುವ ಗುರುತಿಗೆ ತಿರುಗಿಸಿದರೆ, ಕೊನೆಯ ಎರಡು ಅಂಕಿ ಬಿಟ್ಟು ಚುಕ್ಕೆ ತಾನಾಗಿಯೇ ಬೀಳುತ್ತದೆ. ಗೂಬೆಯ ಪಂಡಿತರಿಗೆ ಇದನ್ನು ನಾನು ಹೇಳಿಕೊಡಬೇಕೇ? ಬೆಳಗಿನ ಮೊದಲ ಪರೀಕ್ಷೆಗೆ ಗುಂಡಿ ಅಲ್ಲೇ ಇರುತ್ತಿತ್ತು. ನಾನು ಒತ್ತಿದ್ದು 1180. ಅಷ್ಟು ಗ್ರಾಂ.

ಅವಳು ಎರಡು ತಿಂಗಳು ಮುಂಚೆ ಹುಟ್ಟಿದಳು. ನನ್ನ ಹೆಂಡತಿ ತವರಿನಲ್ಲಿದ್ದಳು, ರೈಲಿನಲ್ಲಿ ಒಂದು ರಾತ್ರಿಯ ದಾರಿ. ಮಗುವನ್ನು ಅಲ್ಲಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕಾರ್ಖಾನೆಯಲ್ಲಿ ಹೊರದೇಶದ ಆರ್ಡರು ನಡೆಯುತ್ತಿತ್ತು, ಯಾರಿಗೂ ರಜೆಯಿಲ್ಲ. ದಿನವೂ ಎಂಟಕ್ಕೆ ಹತ್ತು ನಿಮಿಷ ಇರುವಾಗ ಗೇಟಿನ ಆಫೀಸಿನಿಂದ ಫೋನ್ ಮಾಡುತ್ತಿದ್ದೆ. ನರ್ಸ್ ತೂಕವನ್ನಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಅದನ್ನು ಬರೆದುಕೊಳ್ಳಲು ನನಗೆ ಜಾಗವಿರಲಿಲ್ಲ. ಪರೀಕ್ಷಾ ಬೆಂಚಿಗೆ ಪೆನ್ನು, ಕಾಗದ ಒಯ್ಯುವಂತಿಲ್ಲ. ಅಚ್ಚಾದ ಒಂದು ತುಂಡು ಕಾಗದವೂ ಗೇಟು ದಾಟುವಂತಿಲ್ಲ, ಜೇಬು ತಡಕಿ ಕಿತ್ತುಕೊಳ್ಳುತ್ತಿದ್ದರು. ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಓಡಿಹೋಗಿ ಅಂದಿನ ಮೊದಲ ಯಂತ್ರದಲ್ಲಿ ಒತ್ತುತ್ತಿದ್ದೆ. ಅಚ್ಚಾದದ್ದನ್ನು ನೋಡಿದ ಮೇಲೇ ಉಸಿರಾಡುತ್ತಿದ್ದದ್ದು. ಹರಿದು ಕಸಕ್ಕೆ ಹಾಕಲು ಕೈ ಬರಲಿಲ್ಲ. ಮಡಿಸಿ ಯಂತ್ರದೊಳಗೇ ಇಟ್ಟೆ. ಅದು ಪ್ಯಾಕ್ ಆಗಿ ಎಲ್ಲಿಗೋ ಹೋಯಿತು.

ಈಗ ಯಾಕೆ ಕೇಳುತ್ತಿದ್ದೇನೆಂದರೆ, ಮಗಳು ನನ್ನೊಡನೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ನನ್ನ ಹೆಂಡತಿ ತೀರಿಕೊಂಡಾಗ ನಾನು ಔಷಧಿ ಅಂಗಡಿಯ ಸಾಲಿನಲ್ಲಿದ್ದೆ. ತಿರುಗಿ ಬಂದಾಗ ಮಗಳು ಬಾಗಿಲಲ್ಲೇ ಹೇಳಿದಳು: "ಅಮ್ಮನ ಪಕ್ಕ ಇರಬೇಕಾದಾಗ ನೀವು ಯಾವತ್ತೂ ಇರ್ಲಿಲ್ಲ. ನಾನು ಹುಟ್ಟಿದಾಗ್ಲೂ ಇಲ್ಲ, ಇವತ್ತೂ ಇಲ್ಲ." ಅಂದಿನಿಂದ ‘ನೀವು’. ಅದಕ್ಕೆ ಮೊದಲು ನಾನು ಅವಳಿಗೆ ‘ನೀನು’ ಆಗಿದ್ದೆ.

ಅವಳಿಗೆ ಕನ್ನಡಕದ ಅಂಗಡಿಯಿದೆ, ನನ್ನ ಮನೆಯಿಂದ ಎರಡು ಬೀದಿ ಆಚೆ. ವರ್ಷಕ್ಕೊಮ್ಮೆ ಜೂನ್ 15ರಂದು ಕಣ್ಣು ತೋರಿಸಲು ಹೋಗುತ್ತೇನೆ. ಗಿರಾಕಿಯನ್ನು ಹೊರಗೆ ಹಾಕುವಂತಿಲ್ಲವಲ್ಲ. "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಕೇಳುತ್ತಾಳೆ. "ಅದು" ಎನ್ನುತ್ತೇನೆ. ಒಂದು ವರ್ಷಕ್ಕೆ ನಮ್ಮ ಮಾತು ಅಷ್ಟೇ. ಹೋದ ಸಲ ಇನ್ನೂ ಸ್ವಲ್ಪ ಹೊತ್ತು ಕೇಳಲಿ ಎಂದು ಕಂಡದ್ದನ್ನೂ ಕಾಣುವುದಿಲ್ಲ ಎಂದೆ. ಬೇಡದಷ್ಟು ದಪ್ಪ ಗಾಜು ಬಂತು, ವರ್ಷವಿಡೀ ಮೆಟ್ಟಿಲು ಎಡವಿದೆ.

ನನ್ನ ಬಾಯಿಮಾತನ್ನು ಅವಳು ನಂಬುವುದಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬುತ್ತಾಳೆ, ಅದೇ ಅವಳ ಕಸುಬು. ಈ ಜೂನ್ 15ಕ್ಕೆ ಆ ಐದು ಚೀಟಿಗಳನ್ನು ಅವಳ ಮುಂದಿಡಬೇಕು. ಮುಖ್ಯವಾಗಿ ಏಪ್ರಿಲ್ 2ರದ್ದು. ಅಂದೇ ಅವಳು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದದ್ದು. ನಿಮ್ಮ ನಿಯಮ ದೊಡ್ಡದಿರಬಹುದು. ಆದರೂ ಕೇಳುತ್ತಿದ್ದೇನೆ.

ಬೆಂಚು 4

*

ಮಾರ್ಚ್ 15

ಬೆಂಚು ನಾಲ್ಕರವರೇ,

ಇದರೊಂದಿಗೆ ನಾಲ್ಕು ಚೀಟಿಗಳಿವೆ. ರಿಜಿಸ್ಟರ್ ಮಾಡಿಸಿದ್ದೇನೆ. ತಿರುಗಿ ಕಳಿಸುವುದು ಬೇಡ, ಅವು ನಿಮ್ಮವು.

ಐದನೆಯದರ ಕೆಲಸ ಸ್ವಲ್ಪ ಬಾಕಿಯಿದೆ. ಆಮೇಲೆ ಕಳಿಸುತ್ತೇನೆ.

ಲೇಖನ ಅಚ್ಚಾಗಿಬಿಟ್ಟಿದೆ. ತಡೆಯಲು ಹೊತ್ತು ಮೀರಿತ್ತು.

ಇನ್‌ಸ್ಪೆಕ್ಟರ್

*

ಮಾರ್ಚ್ 27

ಇನ್‌ಸ್ಪೆಕ್ಟರೇ,

ನಾಲ್ಕೂ ಬಂದವು. ಮಡಿಕೆ ನಾನು ಮಾಡಿದ್ದೇ. ಉಗುರಿನಿಂದ ಗೀರಿ ಮಡಿಸುವುದು ನನ್ನ ರೂಢಿ, ಗೀರು ಇನ್ನೂ ಇದೆ. ಮೇಜಿನ ಮೇಲೆ ಹರಡಿ ಸುಮಾರು ಹೊತ್ತು ಕೂತಿದ್ದೆ. ನಿಮಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯುತ್ತಿಲ್ಲ.

ಐದನೆಯದರ ಕೆಲಸ ಎಂದರೆ ಏನು ಕೆಲಸ? ಯಾವ ಕೆಲಸವೂ ಬೇಡ. ಇದ್ದ ಹಾಗೆ ಕಳಿಸಿ.

ಬೆಂಚು 4

*

ಏಪ್ರಿಲ್ 20

ಇನ್‌ಸ್ಪೆಕ್ಟರೇ,

ಕಾಯುವುದು ನಿಮ್ಮ ಜಾಯಮಾನದಲ್ಲಿಲ್ಲ ಎಂದಿದ್ದಿರಿ. ನನ್ನದರಲ್ಲಿ ಅದು ಬಿಟ್ಟು ಬೇರೇನೂ ಇಲ್ಲ ಎಂದುಕೊಂಡಿದ್ದೆ. ಈಗ ನಾನೂ ಬಾಗಿಲ ಹತ್ತಿರ ಸುಳಿದಾಡುತ್ತಿದ್ದೇನೆ. ನಿಮ್ಮ ಆರೋಗ್ಯ ಸರಿಯಿದೆಯೇ? ಒಂದು ಸಾಲು ಬರೆಯಿರಿ.

ಬೆಂಚು 4

*

ಮೇ 2

ಬೆಂಚು ನಾಲ್ಕರವರೇ,

ಈ ಕಾಗದವನ್ನು ಏಳು ಸಲ ಬರೆದು ಹರಿದಿದ್ದೇನೆ. ಎಂಟನೆಯದನ್ನು ಹೆಂಡತಿ ಕಸಿದುಕೊಂಡು ಅಂಚೆಗೆ ಹಾಕುತ್ತಾಳಂತೆ. ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ.

ಏಪ್ರಿಲ್ 2ರ ಚೀಟಿಯನ್ನು ನಾನು ಸುಟ್ಟೆ. ಬೆಂಕಿಗೆ ಹಾಕಲಿಲ್ಲ, ಲ್ಯಾಮಿನೇಟ್ ಮಾಡಿದೆ. ಅಚ್ಚು ಮಸುಕಾಗಿತ್ತು, ಲೇಖನಕ್ಕೆ ಮುಖ್ಯ ಸಾಕ್ಷಿ ಅದೇ, ಹಾಳಾಗದಿರಲಿ ಎಂದು, ನಿಮಗೆ ಹೇಳಿದ್ದ ಫೋಟೋ ತೆಗೆಯುವ ಮೊದಲೇ, ಪ್ಲಾಸ್ಟಿಕ್ಕಿನ ನಡುವೆ ಇಟ್ಟು ಬಿಸಿ ಉರುಳೆಗಳ ನಡುವೆ ತಳ್ಳಿದೆ. ಆಚೆ ಕಡೆಯಿಂದ ಕಪ್ಪು ಪಟ್ಟಿ ಹೊರಗೆ ಬಂತು. ಒಂದು ಗೆರೆಯೂ ಉಳಿಯಲಿಲ್ಲ, ಕಾಡಿಗೆ ಬಳಿದಂತೆ ಕಪ್ಪು. ನೀವು ಹೇಳಿದ ಶಾಖದ ಕಾಗದವೇ ಅದು. ಮುಟ್ಟಿದಾಗ ನುಣುಪಾಗಿತ್ತು, ನನಗೆ ಗೊತ್ತಾಗಿತ್ತು. ಆದರೆ ನನ್ನ ಇನ್ನೂರ ಹನ್ನೆರಡು ಯಂತ್ರಗಳ ಪಟ್ಟಿಯಲ್ಲಿ ಅದು ಇರಲಿಲ್ಲವಲ್ಲ! ನನ್ನ ಪಟ್ಟಿ ತಪ್ಪಾಗುವುದಕ್ಕಿಂತ ನಿಮ್ಮ ನೆನಪು ತಪ್ಪಾಗುವುದು ಮೇಲು ಎನಿಸಿತು.

ಇದೆಲ್ಲ ಆದದ್ದು ಫೆಬ್ರವರಿ 17ಕ್ಕೆ. ನಿಮ್ಮ ಮಗಳ ವಿಷಯ ಓದುವ ಹೊತ್ತಿಗೆ ಅದು ಕಪ್ಪಾಗಿ ಮೂರು ವಾರ ಆಗಿತ್ತು. ‘ಕೆಲಸ ಬಾಕಿಯಿದೆ’ ಎಂದು ಸುಳ್ಳು ಹೇಳಿದೆ. ಅದಾದ ಮೇಲೆ ಒಂದು ಲಿಫ್ಟನ್ನೂ ನೆಮ್ಮದಿಯಿಂದ ಪರೀಕ್ಷಿಸಿಲ್ಲ. ಪ್ರತಿ ಹಗ್ಗವನ್ನೂ ಮೂರು ಮೂರು ಸಲ ನೋಡುತ್ತಿದ್ದೇನೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಒಂದು ಕೆಲಸ ಮಾಡಿದ್ದೇನೆ. ‘ಚಳಿ ಸರಣಿ ಎಂಬುದು ಇರಲೇ ಇಲ್ಲ, ನಾನು ಹೇಳಿದ್ದೆಲ್ಲ ತಪ್ಪು, ಆ ಸಂಖ್ಯೆಗಳು ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಮಗುವಿನ ತೂಕ’ ಎಂದು ಬಳಗದ ಪತ್ರಿಕೆಯಲ್ಲಿ ಬರೆದೆ. ಅದರ ಕೆಳಗೆ, ಗೂಬೆ ಇರುವವರೆಲ್ಲ ಸುರುಳಿಯ ಗುಳಿಯ ತಳವನ್ನು ನೋಡಬೇಕು, ಚೀಟಿ ಸಿಕ್ಕರೆ ತಾರೀಕಿನೊಂದಿಗೆ ಕಳಿಸಬೇಕು, ದಯವಿಟ್ಟು ಯಾರೂ ಲ್ಯಾಮಿನೇಟ್ ಮಾಡಬಾರದು ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಬಳಗದಲ್ಲಿ ಈಗ ನಾನು ನಗೆಪಾಟಲು. ಆಗಲಿ.

ಇನ್‌ಸ್ಪೆಕ್ಟರ್

*

ಮೇ 11

ಇನ್‌ಸ್ಪೆಕ್ಟರೇ,

ಕಾಗದ ಓದಿ ಎರಡು ದಿನ ನಿಮ್ಮ ಮೇಲೆ ಕೂಗಾಡಿದೆ. ನನ್ನ ಕೂಗು ನನಗೇ ಸರಿಯಾಗಿ ಕೇಳಿಸುವುದಿಲ್ಲವಾದ್ದರಿಂದ ಎಷ್ಟು ಜೋರಾಗಿತ್ತೋ ಗೊತ್ತಿಲ್ಲ. ಪಕ್ಕದ ಮನೆಯ ಟೈಲರ್ ಬಂದು ಯಾರೊಡನೆ ಜಗಳ ಎಂದು ಕೇಳಿದ. ಲಿಫ್ಟಿನವರೊಡನೆ ಎಂದೆ. ನಮ್ಮ ಬೀದಿಯಲ್ಲಿ ಎರಡನೇ ಮಹಡಿಯ ಮನೆಯೇ ಇಲ್ಲ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಹೋದ.

ಮೂರನೇ ದಿನ ಯೋಚಿಸಿದೆ. ಬಿಸಿ ಎಂದು ಎಚ್ಚರಿಸಿದವನು ನಾನು, ಯಾಕೆ ಎಂದು ಹೇಳದೆ ಇದ್ದವನೂ ನಾನೇ. ಮೊದಲ ಕಾಗದದಲ್ಲೇ ಮಗಳ ವಿಷಯ ಬರೆದಿದ್ದರೆ ನೀವು ಹೀಗೆ ಮಾಡುತ್ತಿರಲಿಲ್ಲ. ಇಡೀ ಗೂಬೆಯನ್ನು ನಿಮ್ಮ ತಲೆಯ ಮೇಲೆಯೇ ಕೂರಿಸುವುದು ನ್ಯಾಯವಲ್ಲ.

ಆ ಕಪ್ಪು ಪಟ್ಟಿಯನ್ನೇ ಕಳಿಸಿ.

ಬೆಂಚು 4

*

ಮೇ 30

ಬೆಂಚು ನಾಲ್ಕರವರೇ,

ಬಂದವು! ಹನ್ನೊಂದು ಚೀಟಿಗಳು ಬಂದವು!

ಒಂದು ಹಡಗು ಕಂಪನಿಯ ಹಳೆಯ ಗುಮಾಸ್ತರಿಂದ. ಒಂದು ಮುಚ್ಚಿದ ಸಾಬೂನು ಕಾರ್ಖಾನೆಯ ಕಾವಲುಗಾರನಿಂದ. ಎರಡು, ಗ್ರಂಥಾಲಯದ ಒಬ್ಬ ಹೆಂಗಸಿನಿಂದ. ತಮ್ಮ ಯಂತ್ರಗಳೊಳಗೆ ಇಷ್ಟು ವರ್ಷ ಇಂಥದೊಂದು ಇತ್ತೇ ಎಂದು ಅವರು ಅತ್ತರಂತೆ. ಮೂರು ಬಂದದ್ದು, ಹತ್ತು ವರ್ಷದಿಂದ ನನ್ನನ್ನು ಕಂಡರೆ ಆಗದ ಒಬ್ಬ ಸಂಗ್ರಾಹಕನಿಂದ. ‘ನಿನಗಲ್ಲ, ಆ ಮಗುವಿಗೆ’ ಎಂದು ಬರೆದಿದ್ದಾನೆ. ಎಲ್ಲವನ್ನೂ ತಾರೀಕಿನ ಸಾಲಿನಲ್ಲಿ ಜೋಡಿಸಿ ನೋಡಿದೆ. 1180, 1165, 1140, 1110, 1090. ಆಮೇಲೆ ಏರುತ್ತ ಬರುತ್ತದೆ. 1090ರ ಹತ್ತಿರ ನನಗೇ ಕೂತಲ್ಲಿ ಕೂರಲಾಗಲಿಲ್ಲ, ಎದ್ದು ಓಡಾಡಿದೆ. ಹೆಂಡತಿ ಒಂದೊಂದನ್ನೇ ಬೆಣ್ಣೆಕಾಗದದಲ್ಲಿ ಸುತ್ತಿದಳು. ನನಗೆ ಮುಟ್ಟಲು ಬಿಡಲಿಲ್ಲ.

ಕಪ್ಪು ಪಟ್ಟಿಯೂ ಜೊತೆಗಿದೆ. ನನ್ನ ಮೊದಲ ಕಾಗದ ನಿಮ್ಮಲ್ಲಿ ಇದ್ದರೆ ಅದರಲ್ಲಿ ಐದೂ ಸಂಖ್ಯೆ ಬರೆದಿದ್ದೆ. ಅಲ್ಲಿ ಉಷ್ಣತೆ ಎಂದು ಬೊಗಳಿದ್ದೇನೆ, ನಾಚಿಕೆಯಾಗುತ್ತದೆ. ಆದರೆ ಏನೂ ಗೊತ್ತಿಲ್ಲದ ಒಬ್ಬ ಅಪರಿಚಿತ ಬರೆದದ್ದು ಎನ್ನುವುದಕ್ಕಾದರೂ ಅದು ಬಳಕೆಗೆ ಬರಬಹುದು.

ಉಳಿದ ದಿನಗಳವು ಇನ್ನೂ ಎಲ್ಲೋ ಇರಬಹುದು, ನಾನು ಮೊದಲೇ ಕೇಳಿದ್ದು ಮಾತ್ರ ಸಿಗಲಿಲ್ಲ. ಫೆಬ್ರವರಿ 9ರದ್ದು. ಅಂದಿನ ಬೇರೆ ಯಂತ್ರಗಳಲ್ಲೂ ಹುಡುಕಿಸಿದೆ. ಸಾಲಿನ ನಡುವೆ ಆ ಹಲ್ಲು ಬಿದ್ದೇ ಇದೆ. ಕ್ಷಮಿಸಿ.

ಇನ್‌ಸ್ಪೆಕ್ಟರ್

*

ಜೂನ್ 17

ಇನ್‌ಸ್ಪೆಕ್ಟರೇ,

ನಿಮ್ಮ ಪಟ್ಟಿಯಲ್ಲಿ ಫೆಬ್ರವರಿ 9ನ್ನು ಖಾಲಿ ಬಿಡಿ. ಅದು ಸಿಗುವುದಿಲ್ಲ. ಯಾಕೆ ಎಂದು ಕೊನೆಗೂ ಹೇಳುತ್ತೇನೆ, ಮೊನ್ನೆ ಅವಳಿಗೂ ಹೇಳಿದ್ದಾಯಿತು.

ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. "ಕೂತ್ಕೊಳ್ಳಿ, ಕತ್ತು ನೇರ ಇಡಿ" ಎಂದಳು. ಕೂರುವ ಮೊದಲು ಹದಿನೈದು ಚೀಟಿ, ಆ ಕಪ್ಪು ಪಟ್ಟಿ, ನಿಮ್ಮ ಮೊದಲ ಕಾಗದ ಎಲ್ಲವನ್ನೂ ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಟ್ಟೆ. ಹೇಳಬೇಕಾದ ಮಾತುಗಳನ್ನು ವಾರವಿಡೀ ಬಾಯಿಪಾಠ ಮಾಡಿದ್ದೆ. "ಇದು ನಿನ್ನ ತೂಕ" ಎಂದಷ್ಟೇ ಹೇಳಿದೆ. ನಂತರ ಗೇಟಿನ ಫೋನು, ಬೆಂಚು, ಜೇಬು ತಡಕುವವರು ಎಲ್ಲ ತಡವರಿಸುತ್ತ ಹೇಳಿದೆ.

ಅವಳು ಭೂತಗನ್ನಡಿ ತೆಗೆದುಕೊಂಡು ಒಂದೊಂದನ್ನೂ ನೋಡಿದಳು. ಆಮೇಲೆ ಕೆಳಗಿನ ಡ್ರಾಯರ್ ಎಳೆದು ಒಂದು ಹಳದಿ ಕಾರ್ಡು ತೆಗೆದಳು. ಆಸ್ಪತ್ರೆಯದು. ದಿನದಿನದ ತೂಕ ನರ್ಸಿನ ಕೈಬರಹದಲ್ಲಿದೆ. ನನ್ನ ಹೆಂಡತಿ ಅದನ್ನು ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ. ಮಗಳು ಒಂದು ಬೆರಳು ಕಾರ್ಡಿನ ಮೇಲೆ, ಒಂದು ಬೆರಳು ಚೀಟಿಯ ಮೇಲೆ ಇಟ್ಟು ಇಳಿಯುತ್ತ ಬಂದಳು. ಒಂದೂ ತಪ್ಪಲಿಲ್ಲ. ಕಪ್ಪು ಪಟ್ಟಿ ಬಂದಾಗ ನಿಮ್ಮ ಕಾಗದ ಓದಿದಳು. "ಈ ಮನುಷ್ಯ ಇದನ್ನ ಟೆಂಪರೇಚರ್ ಅಂದ್ಕೊಂಡ್ರಾ?" ಎಂದು ನಕ್ಕಳು. ನಿಜವಾಗಿಯೂ ನಕ್ಕಳು. ಒಂಬತ್ತು ವರ್ಷದ ಮೇಲೆ ಆ ನಗು ಕಂಡೆ. ನಿಮ್ಮ ತಪ್ಪಿಗೆ ನಾನು ಋಣಿ. ಕಾರ್ಡಿನಲ್ಲಿ ಏಪ್ರಿಲ್ 2ಕ್ಕೆ 2045 ಎಂದೇ ಇತ್ತು.

ಆಮೇಲೆ ಬೆರಳು ಹಿಂದಕ್ಕೆ ಹೋಗಿ ಫೆಬ್ರವರಿ 9ರ ಮೇಲೆ ನಿಂತಿತು. ಕಾರ್ಡಿನಲ್ಲಿ 1065. ಎಲ್ಲಕ್ಕಿಂತ ಕಡಿಮೆ.

"ಈ ದಿನದ್ದು ಎಲ್ಲಿ?" ಎಂದಳು.

"ಅವತ್ತು ನಾನು ಬೆಂಚಿನಲ್ಲಿ ಇರ್ಲಿಲ್ಲ" ಎಂದೆ.

ಹಿಂದಿನ ದಿನ ನರ್ಸ್ 1090 ಎಂದು ಹೇಳಿ, ಫೋನ್ ಇಡದೆ, "ಆದರೆ ಒಂದ್ಸಲ ಬಂದು ನೋಡ್ಕೊಂಡು ಹೋಗಿ" ಎಂದಿದ್ದರು. ಯಾರಿಗೂ ಹೇಳದೆ ಅಂದು ಸಂಜೆಯ ರೈಲು ಹತ್ತಿದೆ. ಬೆಳಿಗ್ಗೆ ಆಸ್ಪತ್ರೆಯ ಗಾಜಿನ ಈಚೆ ನಿಂತೆ. ಮಗು ನನ್ನ ಅಂಗೈಯಷ್ಟಿತ್ತು. ಪಕ್ಕದ ಬೆಂಚಿನ ಮೇಲೆ ನನ್ನ ಹೆಂಡತಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಎಬ್ಬಿಸಿದರೆ ಅಳುತ್ತಾಳೆ, ಅವಳು ಅತ್ತರೆ, ಮಗು ಉಳಿಯುವುದಿಲ್ಲ ಎಂದು ನಾವಿಬ್ಬರೂ ಒಪ್ಪಿಕೊಂಡಂತಾಗುತ್ತದೆ ಎನಿಸಿತು. ಹೆದರಿಬಿಟ್ಟೆ. ಹತ್ತು ನಿಮಿಷ ನಿಂತು ತಿರುಗಿ ಹೊರಟುಬಿಟ್ಟೆ. ಬಂದಿದ್ದೆ ಎಂದು ಯಾರಿಗೂ ಯಾವತ್ತೂ ಹೇಳಲಿಲ್ಲ. ಬರಲೇ ಇಲ್ಲ ಎನ್ನಿಸಿಕೊಳ್ಳುವುದು, ಬಂದು ಓಡಿಹೋದ ಎನ್ನಿಸಿಕೊಳ್ಳುವುದಕ್ಕಿಂತ ಹಗುರವಾಗಿತ್ತು.

ಇದನ್ನೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತು" ಎಂದಳು. "ನಿಮಗೆ ನನ್ನ ತೂಕ ಗೊತ್ತಿರ್ಲಿಲ್ಲ ಅಂತ ನಾನೆಲ್ಲಿ ಹೇಳ್ದೆ? ದಿನಾ ಫೋನ್ ಬರುತ್ತೆ ಅಂತ ನರ್ಸ್ ಹೇಳ್ತಿದ್ರಂತೆ, ಅಮ್ಮ ಅದನ್ನ ಎಷ್ಟು ಸಲ ಹೇಳಿದಾಳೆ. ನಾನು ಹೇಳಿದ್ದು ಅಮ್ಮನ ಪಕ್ಕ ಇರ್ಲಿಲ್ಲ ಅಂತ. ಅವತ್ತು ಅವಳು ನಿದ್ದೆ ಮಾಡ್ತಿರ್ಲಿಲ್ಲ. ಕಣ್ಣು ಮುಚ್ಕೊಂಡಿದ್ಲು ಅಷ್ಟೇ. ನಿಮ್ಮ ಶೂ ಸದ್ದು ಕಾರಿಡಾರಿನ ಆ ತುದೀಲೇ ಗೊತ್ತಾಯ್ತಂತೆ. ನೀವೇ ಬಂದು ಭುಜ ಮುಟ್ಟಿ ಎಬ್ಬಿಸ್ಲಿ ಅಂತ ಕಾದ್ಲಂತೆ. ಸದ್ದು ಹಂಗೇ ವಾಪಸ್ ಹೋಯ್ತಂತೆ."

ಇನ್‌ಸ್ಪೆಕ್ಟರೇ, ಮೂವತ್ತೆರಡು ವರ್ಷ ಅವಳೊಡನೆ ಸಂಸಾರ ಮಾಡಿದೆ. ಒಂದು ದಿನವೂ ಅವಳು ಇದನ್ನು ನನಗೆ ಹೇಳಲಿಲ್ಲ. ನಾನಾಗಿ ಹೇಳಲಿ ಎಂದು ಕಾದಿದ್ದಳೋ ಏನೋ. ನನ್ನ ಜೇಬಿನಲ್ಲಿದ್ದ ಸಾಕ್ಷಿಗಳೆಲ್ಲ ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿದ್ದವು. ಅಲ್ಲೇ ಕುರ್ಚಿಯಲ್ಲಿ ಕೂತೆ. ಅಳು ಬಂತು, ತಡೆಯಲಿಲ್ಲ.

ಮಗಳು ಕಣ್ಣಿನ ಹನಿಯ ಬಾಟಲಿ ತಂದಳು. "ಅಳಬೇಡಿ, ಕಣ್ಣಿನ ಅಳತೆ ತಪ್ಪುತ್ತೆ" ಎಂದಳು. ಎರಡೂ ಕಣ್ಣಿಗೆ ಹನಿ ಹಾಕಿ, ಇಪ್ಪತ್ತು ನಿಮಿಷ ಮುಚ್ಚಿಕೊಂಡಿರಬೇಕು ಎಂದಳು. ಗೋಡೆಗೆ ತಲೆ ಆನಿಸಿ ಕೂತೆ. ನನಗೆ ಹೆಜ್ಜೆಯ ಸದ್ದು ಕೇಳುವುದಿಲ್ಲ. ಅವಳು ಎದುರಿಗೇ ಇದ್ದಾಳೋ, ಒಳಗೆ ಹೋದಳೋ, ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟೇಹೋದಳೋ ತಿಳಿಯುವ ದಾರಿಯೇ ಇಲ್ಲ. ಇಪ್ಪತ್ತು ನಿಮಿಷ ಎಂದೋ ಆಗಿಹೋಯಿತು ಎನಿಸಿತು. ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ಆ ಬೆಂಚಿನ ಮೇಲೆ ಅವಳಮ್ಮ ಹೇಗೆ ಕೂತಿದ್ದಿರಬೇಕು ಎಂದು ಆಗ ಗೊತ್ತಾಯಿತು.

ಆಮೇಲೆ ನನ್ನ ಭುಜದ ಮೇಲೆ ಒಂದು ಕೈ ಬಿತ್ತು.

ಕಣ್ಣು ತೆರೆದೆ. ಹನಿಯಿಂದಾಗಿ ಎಲ್ಲವೂ ಮಂಜು, ಅವಳ ತುಟಿ ಕಾಣಲಿಲ್ಲ. ಅದು ಅವಳಿಗೂ ಗೊತ್ತಾಗಿರಬೇಕು. ಬಗ್ಗಿ, ನನ್ನ ಕಿವಿಗೆ ಬಾಯಿ ಹಚ್ಚಿ, ಜೋರಾಗಿ ಕೇಳಿದಳು.

"ನಿದ್ದೆ ಹೋಗಿದ್ಯಾ ಅಪ್ಪಾ?"

"ಇಲ್ಲಮ್ಮ" ಎಂದೆ. "ಎಚ್ಚರವಾಗೇ ಇದ್ದೆ."

ಬೆಂಚು 4